ಸುಜೂದಿನಿಂದ ಎದ್ದಾಗ ಕಣ್ಣು ಕತ್ತಲೆ ಬರುವುದೇಕೆ?

ಕಳೆದ ರಂಝಾನಿನ ಒಂದು ರಾತ್ರಿ. ತರಾವೀಹ್ ಅರ್ಧ ಆಗಿತ್ತು. ಸಫ್‌ನ ತುದಿಯಲ್ಲಿದ್ದ ಹಿರಿಯರೊಬ್ಬರು ಸುಜೂದಿನಿಂದ ಎದ್ದವರೇ ಕಿಟಕಿಗೆ ಕೈ ಚಾಚಿದರು. ಕಿಟಕಿ ಸಿಗಲಿಲ್ಲ, ಬಿದ್ದೇಬಿಟ್ಟರು. ಮೊಣಕೈಗೆ ಪೆಟ್ಟಾಯಿತು. ಎರಡು ನಿಮಿಷದಲ್ಲಿ ಎದ್ದು ಕೂತು "ಏನಿಲ್ಲ ಉಸ್ತಾದ್, ಉಪವಾಸದ ಸುಸ್ತು" ಅಂದರು. ಆಮೇಲೆ ಮೆಲ್ಲಗೆ ವಿಚಾರಿಸಿದಾಗ ಗೊತ್ತಾಯ್ತು, ತಿಂಗಳುಗಳಿಂದ ಹೀಗೆ ಕಣ್ಣು ಕತ್ತಲೆ ಬರ್ತಾ ಇತ್ತಂತೆ. ಹೇಳಿದರೆ ಮಕ್ಕಳು ಮಸೀದಿಗೆ ಕಳಿಸಲಿಕ್ಕಿಲ್ಲ ಅಂತ ಬಾಯಿಬಿಟ್ಟಿರಲಿಲ್ಲ.

ಹೀಗೆ ಬಚ್ಚಿಡುವವರು ನಮ್ಮ ಪ್ರತಿ ಜಮಾಅತ್‌ನಲ್ಲೂ ಇದ್ದಾರೆ.

ಸುಜೂದಿನಲ್ಲಿ ತಲೆ ಹೃದಯಕ್ಕಿಂತ ಕೆಳಗಿರುತ್ತದೆ. ಎದ್ದು ನಿಂತ ಕೂಡಲೇ ಅರ್ಧ ಲೀಟರಿನಷ್ಟೋ ಅದಕ್ಕಿಂತ ಹೆಚ್ಚೋ ರಕ್ತ ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತದೆ. ಆದರೂ ಹೆಚ್ಚಿನವರು ಬೀಳುವುದಿಲ್ಲ. ಯಾಕೆಂದರೆ ದವಡೆಯ ಕೆಳಗೆ ಕುತ್ತಿಗೆಯ ರಕ್ತನಾಳ ಕವಲಾಗುವಲ್ಲಿ ಮತ್ತು ಹೃದಯದ ಮೇಲಿನ ಮಹಾಧಮನಿಯ ಬಾಗಿನಲ್ಲಿ ಒತ್ತಡ ಅಳೆಯುವ ನರದ ತುದಿಗಳಿವೆ. ನಾಳದ ಗೋಡೆ ಸಡಿಲವಾಯ್ತೋ, ಮೆದುಳಿಗೆ ಸುದ್ದಿ ಹೋಯ್ತು. ಕೆಲವೇ ಸೆಕೆಂಡುಗಳಲ್ಲಿ ಹೃದಯದ ಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ನಾವು ಫಾತಿಹಾ ಓದಲು ಶುರು ಮಾಡುವಾಗ ಒಳಗೆ ಇಷ್ಟೆಲ್ಲ ನಡೆದಿರುತ್ತದೆ, ಸುಬ್‌ಹಾನಲ್ಲಾಹ್.

ಈ ನರಗಳ ವಿಷಯ ವೈದ್ಯರಿಗೆ ಹಳೆಯದೇ. ಆದರೆ ಅವು ಒತ್ತಡವನ್ನು 'ಮುಟ್ಟಿ ನೋಡುವುದು' ಹೇಗೆ ಎಂಬುದು ಬಹುಕಾಲ ಒಗಟಾಗಿತ್ತು. ಬೈರೂತ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಅರ್ಮೇನಿಯನ್ ಮೂಲದ ವಿಜ್ಞಾನಿ ಆರ್ಡೆಮ್ ಪಟಪೌಟಿಯನ್ ಅವರ ತಂಡ ಜೀವಕೋಶವನ್ನು ಸೂಕ್ಷ್ಮ ಕೊಳವೆಯಿಂದ ಚುಚ್ಚುತ್ತಾ, ಒಂದೊಂದೇ ಜೀನ್ ನಿಲ್ಲಿಸಿ ಪರೀಕ್ಷಿಸಿತು. ಪಟ್ಟಿಯಲ್ಲಿ 72 ಜೀನ್‌ಗಳಿದ್ದವು, ಉತ್ತರ ಸಿಕ್ಕಿದ್ದು ಕೊನೆಯದರಲ್ಲಿ! 2010ರಲ್ಲಿ ಪ್ರಕಟವಾದ ಆ ಪ್ರೋಟೀನಿಗೆ ಪೀಝೋ ಎಂದು ಹೆಸರು, ಗ್ರೀಕಿನಲ್ಲಿ ಒತ್ತುವುದು ಎಂದರ್ಥ. 2018ರಲ್ಲಿ ಇಲಿಗಳ ಆ ನರಗಳಿಂದ ಪೀಝೋ 1 ಮತ್ತು 2 ಎರಡನ್ನೂ ತೆಗೆದಾಗ ಅವುಗಳ ರಕ್ತದೊತ್ತಡ ಹಿಡಿತವಿಲ್ಲದೆ ಏರಿಳಿಯತೊಡಗಿತು. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಟಪೌಟಿಯನ್ ಅವರಿಗೆ ಪಾಲು ಸಿಕ್ಕಿತು.

ವಯಸ್ಸಾದಂತೆ ರಕ್ತನಾಳ ಗಡಸಾಗುತ್ತದೆ, ಈ ಸುದ್ದಿ ಸಾಗಿಸುವ ಕೆಲಸ ನಿಧಾನವಾಗುತ್ತದೆ. ಹಳೆಯ ಸಕ್ಕರೆ ಕಾಯಿಲೆ ನರಗಳನ್ನೇ ಕೆಡಿಸುತ್ತದೆ. ಬಿ.ಪಿ. ಗುಳಿಗೆ, ಮೂತ್ರ ಹೋಗುವ ಗುಳಿಗೆ, ಪ್ರಾಸ್ಟೇಟಿನ ಕೆಲವು ಗುಳಿಗೆಗಳೂ ಕಾರಣ ಆಗಬಹುದು. ರಂಝಾನಿನಲ್ಲಿ ಇದಕ್ಕೆ ಇನ್ನೆರಡು ಸೇರುತ್ತವೆ. ಹಗಲಿಡೀ ನೀರಿಲ್ಲ, ಅದೂ ನಮ್ಮ ಕರಾವಳಿಯ ಬೆವರಿನಲ್ಲಿ. ರಾತ್ರಿ ಹೊಟ್ಟೆ ತುಂಬ ಉಂಡ ಮೇಲೆ ರಕ್ತ ಕರುಳಿನ ಕಡೆ ತಿರುಗುತ್ತದೆ. ಅದೇ ಹೊತ್ತಿಗೆ ತರಾವೀಹ್, ನೆಲದಿಂದ ಸುಮಾರು 20 ಸಲ ಏಳಬೇಕು.

ಪರೀಕ್ಷೆ ಸುಲಭ. ಐದು ನಿಮಿಷ ಮಲಗಿಸಿ ಬಿ.ಪಿ. ನೋಡಬೇಕು, ನಿಂತ ಮೇಲೆ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತಿಳಿಸಲೇಬೇಕು. ಕೂರಿಸಿ ಮಾತ್ರ ನೋಡಿದರೆ ಇದು ಗೊತ್ತಾಗುವುದಿಲ್ಲ. ಹಾಗಂತ ಬಿ.ಪಿ. ಗುಳಿಗೆಯನ್ನು ನಾವೇ ನಿಲ್ಲಿಸಬಾರದು. ಬಿದ್ದರೆ ಮೂಳೆ ಮುರಿಯಬಹುದು, ಗುಳಿಗೆ ಬಿಟ್ಟರೆ ಪಾರ್ಶ್ವವಾಯು ಬಡಿಯಬಹುದು. ಹೊತ್ತು ಬದಲಿಸುವುದೋ ಡೋಸ್ ಇಳಿಸುವುದೋ ಅವರೇ ಹೇಳಲಿ.

ಇನ್ನು ಫಿಕ್‌ಹಿನ ಮಾತು. ನಾವು ಶಾಫಿಈಗಳು. ನಮ್ಮ ದರ್ಸ್‌ಗಳಲ್ಲಿ ಓದುವ ಫತ್‌ಹುಲ್ ಮುಈನ್‌ನಲ್ಲಿ ಹಡಗಿನಲ್ಲಿ ನಿಂತರೆ ತಲೆ ತಿರುಗೀತೆಂದು ಹೆದರುವವನಿಗೆ ಫರ್ಳ್ ನಮಾಝನ್ನೂ ಕೂತು ಮಾಡಲು ಅನುಮತಿ ಇದೆ. ತರಾವೀಹ್ ಅಂತೂ ಸುನ್ನತ್, ಅದನ್ನು ಶಕ್ತಿ ಇದ್ದವನೂ ಕೂತು ಮಾಡಬಹುದು. ಎರಡನೇ ಸುಜೂದಿನ ನಂತರ ಏಳುವ ಮುಂಚೆ ಸ್ವಲ್ಪ ಕೂರುವ ಜಲ್ಸತುಲ್ ಇಸ್ತಿರಾಹ, ಅಂಗೈ ನೆಲಕ್ಕೂರಿ ಏಳುವುದು, ಎರಡೂ ನಮ್ಮ ಮದ್‌ಹಬ್‌ನಲ್ಲಿ ಸುನ್ನತ್. ಇದನ್ನು ವಿಜ್ಞಾನಕ್ಕೆ ಅಂಟಿಸುವ ಗೋಜಿಗೆ ನಾವು ಹೋಗುವುದಿಲ್ಲ. ಆದರೆ ಇಮಾಮರು ಗಡಿಬಿಡಿ ಮಾಡಿದರೆ ಹಿರಿಯರಿಗೆ ಆ ಒಂದು ಕ್ಷಣವೂ ಸಿಗುವುದಿಲ್ಲ, ಇದನ್ನು ನಮ್ಮ ಉಸ್ತಾದರುಗಳೇ ಗಮನಿಸಬೇಕು.

ಬಿದ್ದ ಆ ಹಿರಿಯರನ್ನು ಮಗ ಆಸ್ಪತ್ರೆಗೆ ಕರೆದುಕೊಂಡು ಹೋದ. ಒಂದು ಗುಳಿಗೆ ಬದಲಾಯಿತು. ಈಗ ಫರ್ಳ್ ನಿಂತು, ಸುನ್ನತ್ ಕುರ್ಚಿಯಲ್ಲಿ. ಮಸೀದಿ ಮಾತ್ರ ತಪ್ಪಿಸಿಲ್ಲ.