ಕಣ್ಣಿನ ಕಾವಲು

ಅಂಗೈಯ ಮೇಲೆ ಬಿದ್ದರೆ ನಮ್ಮ ಗಮನಕ್ಕೇ ಬಾರದಂಥ ಧೂಳಿನ ಕಣವೊಂದು ಕಣ್ಣಿಗೆ ಬಿದ್ದರೆ ಸಾಕು, ಕೈಯ ಕೆಲಸವೆಲ್ಲ ನಿಂತುಹೋಗುತ್ತದೆ. ರೆಪ್ಪೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ನೀರು ಸುರಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿಯೇ ಕಣ್ಣು ಕೆಂಪಡರುತ್ತದೆ. ಇವೆಲ್ಲವನ್ನೂ ನಾವು ಪೀಡೆಯೆಂದೇ ಎಣಿಸುತ್ತೇವೆ. ಆದರೆ ಈ ಪೀಡೆಯನ್ನೇ ಅರಿಯದ ಕಣ್ಣು ಬಹುಕಾಲ ಆರೋಗ್ಯವಾಗಿ ಉಳಿಯಲಾರದು. ಅದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಕಣ್ಣಿನ ಕರಿಯ ಭಾಗದ ಮುಂದೆ ಗಡಿಯಾರದ ಗಾಜಿನಂತೆ ಕೂಡಿಸಿದ ಪಾರದರ್ಶಕ ಪಟಲವೊಂದಿದೆ. ಅದೇ ಕಾರ್ನಿಯಾ. ಅದರ ನಡುವಿನ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಆದರೂ ಬೆಳಕನ್ನು ಬಾಗಿಸಿ ಒಂದೆಡೆ ಕೂಡಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದರದೇ. ಈ ಪಟಲದಲ್ಲಿ ರಕ್ತನಾಳಗಳಿಲ್ಲ. ತನಗೆ ಬೇಕಾದ ಆಮ್ಲಜನಕವನ್ನು ಇದು ಬಹುಮಟ್ಟಿಗೆ ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಇದರೊಳಗಿನ ಕೊಲ್ಲಾಜನ್ ಎಳೆಗಳು ಬಹು ಸಣ್ಣವು, ಒಂದೇ ಅಳತೆಯವು, ಕ್ರಮವಾಗಿ ಜೋಡಿಸಿದಂಥವು. ಅವುಗಳಿಂದ ಚದರಿದ ಬೆಳಕಿನ ಅಲೆಗಳು ಪಕ್ಕದ ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸಿಹಾಕಿ, ಮುಂದಕ್ಕೆ ಮಾತ್ರ ಸಾಗುತ್ತವೆಂದು 1957ರಲ್ಲಿ ಡೇವಿಡ್ ಮಾರಿಸ್ ವಿವರಿಸಿದನು. ಆ ಕ್ರಮ ಕೆಟ್ಟಲ್ಲಿ ಪಟಲ ಮಬ್ಬಾಗುತ್ತದೆ.

ರಕ್ತವಿಲ್ಲದ ಮೇಲೆ, ರೋಗಾಣುಗಳನ್ನು ಎದುರಿಸುವ ಬಿಳಿಯ ರಕ್ತಕಣಗಳು ಇಲ್ಲಿಗೆ ಅಂಚಿನ ರಕ್ತನಾಳಗಳಿಂದ ಬರಬೇಕು. ಸೈನ್ಯ ದೂರದಲ್ಲಿದ್ದರೆ ಕಾವಲು ಚುರುಕಾಗಿರಬೇಕಷ್ಟೆ. ಆ ಕಾವಲಿನವೇ ನರಗಳು. ಮೆದುಳಿನ ಐದನೆಯ ನರದ ಕವಲುಗಳು ಕಾರ್ನಿಯಾವನ್ನು ಹೊಕ್ಕು, ಅದರ ಹೊರಪದರದಲ್ಲಿ ಎಳೆಎಳೆಯಾಗಿ ಹರಡಿಕೊಂಡಿವೆ. ಚರ್ಮಕ್ಕಿಂತ ಇಲ್ಲಿ ನರಗಳ ತುದಿಗಳು ನೂರಾರು ಪಟ್ಟು ದಟ್ಟವಾಗಿವೆ.

ಈ ತುದಿಗಳಲ್ಲಿ ಕೆಲವು ಸ್ಪರ್ಶವನ್ನೂ, ಕೆಲವು ಬಿಸಿ ಮತ್ತು ರಾಸಾಯನಿಕಗಳನ್ನೂ, ಕೆಲವು ತಂಪನ್ನೂ ಗುರುತಿಸುತ್ತವೆ. ಮೆಣಸಿನಕಾಯಿ ಮುಟ್ಟಿದ ಕೈ ಕಣ್ಣಿಗೆ ತಗುಲಿದರೆ ಬೆಂಕಿ ಬಿದ್ದಂತಾಗುವುದೇಕೆ? ಬಿಸಿಯನ್ನು ಗುರುತಿಸುವ ಪ್ರೋಟೀನೇ ಮೆಣಸಿನ ಖಾರಕ್ಕೂ ಸ್ಪಂದಿಸುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಸ್ಪರ್ಶದ ಗ್ರಾಹಕಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಷಿಯನ್ ಇವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ತಂಪಿನ ತುದಿಗಳ ಕೆಲಸ ಇನ್ನೂ ಸ್ವಾರಸ್ಯವಾದುದು. ಮಣ್ಣಿನ ಮಡಕೆಯ ನೀರು ಆವಿಯಾಗುತ್ತ ತಂಪಾಗುವಂತೆಯೇ, ತೆರೆದ ಕಣ್ಣಿನ ಮೇಲಿನ ತೆಳುನೀರೂ ಆವಿಯಾಗಿ ಕಾರ್ನಿಯಾವನ್ನು ಕಿಂಚಿತ್ತು ತಣಿಸುತ್ತದೆ. ಈ ಅಲ್ಪ ವ್ಯತ್ಯಾಸವನ್ನೇ ನರಗಳು ಗ್ರಹಿಸಿ ಮೆದುಳಿಗೆ ತಿಳಿಸುತ್ತವೆ. ಕೂಡಲೇ ಏಳನೆಯ ನರದ ಅಪ್ಪಣೆಯಂತೆ ರೆಪ್ಪೆ ಮಿಟುಕಿ, ನೀರನ್ನು ಮತ್ತೆ ಸಮವಾಗಿ ಹರಡುತ್ತದೆ. ಆ ನೀರು ಬರಿಯ ನೀರಲ್ಲ. ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿ ವರ್ಣಿಸಿದ ಲೈಸೋಜೈಮ್ ಎಂಬ ವಸ್ತು ಅದರಲ್ಲಿದ್ದು, ಅನೇಕ ಬ್ಯಾಕ್ಟೀರಿಯಾಗಳ ಗೋಡೆಯನ್ನೇ ಕರಗಿಸುತ್ತದೆ.

ಕಾವಲುಗಾರನು ಕೂಗಿ ಸುಮ್ಮನಾಗುವುದಿಲ್ಲ. ಉದ್ರೇಕಗೊಂಡ ನರತುದಿಗಳು ಕೆಲವು ರಾಸಾಯನಿಕಗಳನ್ನು ಹೊರಬಿಡುತ್ತವೆ. ಅವುಗಳಿಂದ ಬಿಳಿಗುಡ್ಡೆಯ ಮೇಲಿನ ರಕ್ತನಾಳಗಳು ಹಿಗ್ಗಿ ಕಣ್ಣು ಕೆಂಪಾಗುತ್ತದೆ. ಬಿಳಿಯ ಕಣಗಳು ನಾಳಗಳಿಂದ ಹೊರಬಂದು ಗಾಯದತ್ತ ಧಾವಿಸುತ್ತವೆ. ಇದೇ ಉರಿಯೂತ. ಗಾಯ ಮಾಯಲು ಬೇಕಾದ ಪೋಷಣೆಯನ್ನೂ ಈ ನರಗಳೇ ಒದಗಿಸುತ್ತವೆ. 1824ರಲ್ಲಿ ಫ್ರಾನ್ಸಿನ ಮಜಾಂದೀ ಪ್ರಾಣಿಗಳ ಐದನೆಯ ನರವನ್ನು ಕತ್ತರಿಸಿ ನೋಡಿದಾಗ, ಅವುಗಳ ಕಾರ್ನಿಯಾ ಮಬ್ಬಾಗಿ ಹುಣ್ಣಾಯಿತು. ಕುಷ್ಠರೋಗ, ಸರ್ಪಸುತ್ತು, ಮಧುಮೇಹ ಇವುಗಳಿಂದ ನರ ಕೆಟ್ಟ ಮನುಷ್ಯರಿಗೂ ಇದೇ ಗತಿಯಾಗಬಹುದು. ಹುಣ್ಣು ಆಳವಾಗುತ್ತಿದ್ದರೂ ರೋಗಿಗೆ ನೋವಿಲ್ಲ. ನೋವಿಲ್ಲದುದರಿಂದ ವೈದ್ಯರ ನೆನಪೂ ಇಲ್ಲ. ರೀಟಾ ಲೇವಿ-ಮೊಂತಾಲ್ಚೀನಿ ಕಂಡುಹಿಡಿದ ನರಪೋಷಕ ಪ್ರೋಟೀನು ಈಗ ಇಂಥವರ ನೆರವಿಗೆ ಬಂದಿದೆ. ಆಕೆಗೆ 1986ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆ ಪ್ರೋಟೀನಿನ ಕಣ್ಣಹನಿಗೆ 2017ರಲ್ಲಿ ಯೂರೋಪಿನಲ್ಲಿಯೂ 2018ರಲ್ಲಿ ಅಮೆರಿಕದಲ್ಲಿಯೂ ಮನ್ನಣೆ ದೊರೆಯಿತು.

ಹಾಗೆಂದು ಉರಿಯೂತ ಮಿತಿಮೀರಿದರೂ ಕೇಡೇ. ಬಿಳಿಯ ಕಣಗಳು ಸೂಸುವ ಕಿಣ್ವಗಳು ಶತ್ರುವಿನೊಡನೆ ಕೊಲ್ಲಾಜನ್ ಎಳೆಗಳನ್ನೂ ಕರಗಿಸಬಲ್ಲವು. ಚರ್ಮದ ಮೇಲಿನ ಕಲೆ ಬರಿಯ ಕಲೆ. ಕಾರ್ನಿಯಾದ ನಡುವಿನ ಕಲೆ ದೃಷ್ಟಿಯನ್ನೇ ಕಸಿಯುತ್ತದೆ. ಆದುದರಿಂದ ಉರಿಯೂತ ಏಳಬೇಕಾದಾಗ ಏಳಬೇಕು, ಕೆಲಸ ಮುಗಿದೊಡನೆ ಅಡಗಬೇಕು.

ಇದರಿಂದ ವಾಚಕರು ತಿಳಿಯಬೇಕಾದುದಿಷ್ಟು. ಕಣ್ಣಿಗೆ ಕಸ ಬಿದ್ದರೆ ಉಜ್ಜದೆ ಶುದ್ಧವಾದ ನೀರಿನಿಂದ ತೊಳೆಯಬೇಕು. ಮರಿವಳಿಕೆಯ ಹನಿ ಶಸ್ತ್ರವೈದ್ಯರ ಕೈಯಲ್ಲಿ ವರವೇ ಸರಿ. ಮನೆಯಲ್ಲಿ ನೋವಡಗಿಸಲು ಅದನ್ನೇ ಹಾಕುತ್ತಿದ್ದರೆ ಹೊರಪದರ ಮಾಯದೆ ಹುಣ್ಣಾಗುತ್ತದೆ. ಉರಿಯೂತವನ್ನು ತಗ್ಗಿಸುವ ಸ್ಟೀರಾಯ್ಡ್ ಹನಿಯೂ ಅಷ್ಟೆ. ಬತ್ತದ ಹೊಟ್ಟೋ ಪೈರಿನ ಎಲೆಯೋ ತಾಗಿದ ಕಣ್ಣಿನಲ್ಲಿ ಬೂಷ್ಟು ಬೇರೂರಿರುವಾಗ ಅದನ್ನು ಹಾಕಿದರೆ, ಸೈನ್ಯವನ್ನು ಕಟ್ಟಿಹಾಕಿ ಶತ್ರುವಿಗೆ ಬಾಗಿಲು ತೆರೆದಂತಾಗುತ್ತದೆ. ಹೊಲಗದ್ದೆಗಳಲ್ಲಿ ದುಡಿಯುವವರು ಈ ಮಾತನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಕೆಂಪು, ನೋವು, ಮಬ್ಬು ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಕೆಂಪೂ ಮಬ್ಬೂ ಇದ್ದು ನೋವು ಮಾತ್ರ ಇಲ್ಲದಿದ್ದರೆ, ಅಷ್ಟೂ ಕಾಯದೆ ಹೋಗಬೇಕು.