ಗಾಡಿ ಒಮ್ಮೊಮ್ಮೆ ಮಾತ್ರ ಮಿಸ್ಸಿಂಗ್ ಹೊಡೆಯುತ್ತಾ? ಪಾರ್ಟ್ ಬದಲಿಸೋ ಮೊದಲು ಡೈರಿ ಬರೆಯಿರಿ

ಈ ವಾರ ಬೆಳೆ ಬಗ್ಗೆ ಅಲ್ಲ, ಬೆಳೆ ಹೊತ್ತೊಯ್ಯೋ ಗಾಡಿ ಬಗ್ಗೆ ಬರೀತಿದ್ದೀನಿ. ನಮ್ಮಲ್ಲಿ ಬಹಳ ಜನ ಹಳೇ ಪೆಟ್ರೋಲ್ ಕಾರು ಅಥವಾ ವ್ಯಾನ್ ತಗೊಂಡು, ಹಿಂದಿನ ಸೀಟ್ ಕಿತ್ತು, ಕ್ರೇಟ್ ಜೋಡಿಸಿ ಓಡಿಸ್ತೀವಿ. ನನ್ನದೂ ಅಂಥದ್ದೇ. ಮೂರು ಸಿಲಿಂಡರ್, ಮುಂದಿನ ಸೀಟ್ ಎತ್ತಿದರೆ ಕೆಳಗೇ ಇಂಜಿನ್. ಯಾವ ವ್ಯಾನ್ ಅಂತ ನಿಮಗೇ ಗೊತ್ತಾಗಿರುತ್ತೆ.

ಹೋದ ವರ್ಷ ಇದಕ್ಕೆ ಮಿಸ್ಸಿಂಗ್ ಶುರುವಾಯ್ತು. ಬೆಳಗಿನ ಜಾವ ನಾಲ್ಕಕ್ಕೆ ಸೊಪ್ಪು ತುಂಬಿಕೊಂಡು ದೊಡ್ಡಬಳ್ಳಾಪುರದ ಕಡೆಯಿಂದ ಯಲಹಂಕಕ್ಕೆ ಹೊರಡ್ತೀನಿ. ಅರ್ಧ ದಾರಿಗೆ ಗಾಡಿ ಜಗ್ಗೋದು, ಪಿಕಪ್ ಸತ್ತು ಹೋಗೋದು. ಹತ್ತು ಗಂಟೆಗೆ ಮೆಕ್ಯಾನಿಕ್ ಅಣ್ಣನ ಹತ್ತಿರ ತಗೊಂಡು ಹೋದರೆ ಹೊಸ ಗಾಡಿ ಥರ ಓಡೋದು! ಅವರು ಮೊದಲು ಪ್ಲಗ್ ಬದಲಿಸಿದರು. ಆಮೇಲೆ ಪೆಟ್ರೋಲ್ ಫಿಲ್ಟರ್. ಮೂರನೇ ಸಲ 'ಕಾಯಿಲ್ ಹಾಕ್ಸಿ ನೋಡೋಣ' ಅಂದರು. ಆ ವಾರವೇ ಒಂದು ದಿನ ರಾಜಾನುಕುಂಟೆ ಹತ್ತಿರ ಗಾಡಿ ಪೂರ್ತಿ ನಿಂತಿತು. ತಲುಪಿದ್ದು ಏಳೂವರೆಗೆ. ಅಂಗಡಿಯವರು ಬೇರೆಯವರ ಹತ್ತಿರ ಸೊಪ್ಪು ತಗೊಂಡಾಗಿತ್ತು. ಬಾಡಿದ ಕೊತ್ತಂಬರಿ, ಪಾಲಕ್ ವಾಪಸ್ ತಂದು ದನಕ್ಕೆ ಹಾಕಿದೆವು. ಅಪ್ಪ 'ಇದನ್ನ ಮಾರ್ಬಿಡೋ, ಬಾಡಿಗೆ ಆಟೋದಲ್ಲಿ ಕಳ್ಸೋಣ' ಅಂದರು. ಬಾಡಿಗೆ ಕೊಟ್ಟರೆ ಸೊಪ್ಪಿನಲ್ಲಿ ಉಳಿಯೋದೇನು?

ಆಗ ಹೊಳೆದದ್ದು, ಗಿಡ ನೋಡೋವಾಗ ನಾನು ಹೀಗೆ ಮಾಡಲ್ವಲ್ಲ ಅಂತ. ಎಲೆ ಹಳದಿಯಾದ ತಕ್ಷಣ ಸಿಕ್ಕಿದ್ದು ಸಿಂಪಡಿಸಲ್ಲ. ಹಳದಿಯಾಗಿರೋದು ಹಳೇ ಎಲೆಯೋ ಚಿಗುರೋ ನೋಡ್ತೀವಿ. ಕೆಳಗಿನ ಹಳೇ ಎಲೆ ಆದರೆ ಮೊದಲ ಅನುಮಾನ ಸಾರಜನಕ, ನರ ಹಸಿರಾಗಿದ್ದು ಚಿಗುರು ಹಳದಿಯಾದರೆ ಕಬ್ಬಿಣ. ಇಂಜಿನ್‌ಗೂ ಅದೇ. ಏನು ಆಗ್ತಿದೆ ಅನ್ನೋದಕ್ಕಿಂತ ಯಾವಾಗ ಆಗ್ತಿದೆ ಅನ್ನೋದು ಮುಖ್ಯ.

ಮಿಸ್ಸಿಂಗ್ ಅಂದರೆ ಒಂದು ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೇ ಇರೋದು. ಉರಿಯೋಕೆ ಮೂರು ಬೇಕು: ಕಿಡಿ, ಸರಿ ಪ್ರಮಾಣದ ಗಾಳಿ-ಪೆಟ್ರೋಲ್, ಕಂಪ್ರೆಷನ್. ವಾಲ್ವ್, ರಿಂಗ್ ಹೋಗಿ ಕಂಪ್ರೆಷನ್ ಇಳಿದರೆ ತೊಂದರೆ ಸಾಮಾನ್ಯವಾಗಿ ದಿನಾ ಇರುತ್ತೆ. ಬಂದು ಹೋಗಿ ಮಾಡೋ ಮಿಸ್ಸಿಂಗ್‌ಗೆ ಹೆಚ್ಚಾಗಿ ಕಿಡಿ ಕಡೆಯೋ ಪೆಟ್ರೋಲ್ ಕಡೆಯೋ ಕಾರಣ.

ಮಳೆ, ಇಬ್ಬನಿ, ಗಾಡಿ ತೊಳೆದ ಮೇಲೆ ಬಂದರೆ ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಇದ್ದರೆ ಅದರ ಕ್ಯಾಪ್ ನೋಡಿ. ಇಪ್ಪತ್ತು ನಿಮಿಷ ಓಡಿ ಕಾದ ಮೇಲೆ ಬಂದು, ಆರಿದ ಮೇಲೆ ಸರಿಯಾದರೆ ಕಾಯಿಲ್ ಅಥವಾ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಐಡ್ಲಿಂಗ್‌ನಲ್ಲಿ ಮಾತ್ರ ಇದ್ದು ಆಕ್ಸಿಲರೇಟರ್ ಒತ್ತಿದರೆ ಹೋಗುತ್ತೆ ಅಂದರೆ ಎಲ್ಲೋ ರಬ್ಬರ್ ಪೈಪ್ ಒಡೆದು ಹೆಚ್ಚುವರಿ ಗಾಳಿ ಎಳೀತಿರಬಹುದು. ಏರು ಹತ್ತುವಾಗ, ಜೋರಾಗಿ ಓಡಿಸುವಾಗ ಉಸಿರು ಕಟ್ಟಿದ ಹಾಗಾದರೆ ಫಿಲ್ಟರ್, ಪೆಟ್ರೋಲ್ ಪಂಪ್. ತುಂಬಾ ದಿನ ನಿಂತ ಗಾಡಿ ಆದರೆ ಟ್ಯಾಂಕ್‌ನಲ್ಲಿ ನೀರು ಸೇರಿದೆಯಾ ನೋಡಿಸಿ. ಈಗಿನ ಪೆಟ್ರೋಲ್‌ನಲ್ಲಿರೋ ಎಥನಾಲ್ ತೇವ ಹೀರಿಕೊಳ್ಳುತ್ತೆ. ಗುಂಡಿ, ಹಂಪ್ ಹಾರಿದಾಗ ಬಂದರೆ ಬ್ಯಾಟರಿ ಟರ್ಮಿನಲ್, ಅರ್ತ್ ವೈರ್, ಸಡಿಲ ಕನೆಕ್ಟರ್. ಕೊಟ್ಟಿಗೆ ಪಕ್ಕ ನಿಲ್ಲಿಸೋರು ಇಲಿ ಕಡಿದ ವೈರ್ ಹುಡುಕೋದನ್ನ ಮರೀಬೇಡಿ.

ನಾನು ಮಾಡಿದ್ದು ಇಷ್ಟೇ. ಮಿಸ್ಸಿಂಗ್ ಬಂದಾಗಲೆಲ್ಲ ಪಕ್ಕಕ್ಕೆ ನಿಲ್ಲಿಸಿ (ಓಡಿಸ್ತಾ ಮೊಬೈಲ್ ಮುಟ್ಟಬೇಡಿ) ನನಗೇ ಒಂದು ವಾಯ್ಸ್ ಮೆಸೇಜ್. ಸಮಯ, ಹವಾಮಾನ, ಸ್ಟಾರ್ಟ್ ಮಾಡಿ ಎಷ್ಟು ಹೊತ್ತಾಯ್ತು, ಯಾವ ಗೇರ್, ಟ್ಯಾಂಕ್‌ನಲ್ಲಿ ಎಷ್ಟು ಪೆಟ್ರೋಲ್, ಏನು ಲೋಡ್. ಬರದಿದ್ದ ದಿನವೂ ಹಾಕಿದೆ. ಉತ್ತರ ಸಿಕ್ಕಿದ್ದು ಆ ದಿನಗಳಿಂದಲೇ.

ಮೂರು ವಾರದಲ್ಲಿ 11 ಟ್ರಿಪ್. 8 ದಿನ ಮಿಸ್ಸಿಂಗ್, 3 ದಿನ ಇಲ್ಲ. ಇಬ್ಬನಿ ಅಂದುಕೊಂಡಿದ್ದೆ, ಆದರೆ ಆ ಮೂರರಲ್ಲಿ ಎರಡು ದಿನ ದಟ್ಟ ಮಂಜಿತ್ತು. ಲೋಡ್ ಅಂದುಕೊಂಡೆ, ಆ ಮೂರು ದಿನವೇ ಲೋಡ್ ಹೆಚ್ಚು, ಕುಂಬಳ ಮತ್ತು ಸೀಮೆಬದನೆ. ಸೊಪ್ಪು ಇರಲಿಲ್ಲ. ಸೊಪ್ಪಿದ್ದ ದಿನ ಮಾತ್ರ ಗಾಡಿ ಕೈ ಕೊಡ್ತಿತ್ತು! ನಗು ಬಂತು, ಆಮೇಲೆ ಅರ್ಥವಾಯ್ತು. ಬಾಡದಿರಲಿ ಅಂತ ಸೊಪ್ಪಿಗೆ ನೀರು ಚಿಮುಕಿಸಿ, ಕೊನೆಯ ಎರಡು ಕ್ರೇಟ್ ಪಕ್ಕದ ಸೀಟ್ ಮೇಲೆ ಇಡ್ತೀನಿ. ಅದರ ಕೆಳಗೇ ಇಂಜಿನ್.

ಅನುಮಾನ ಬಂದ ಮೇಲೆ ತೊಂದರೆಯನ್ನ ನಾವೇ ಬರಿಸಿ ನೋಡಬೇಕು. ರಾತ್ರಿ ಅಂಗಳದಲ್ಲಿ, ಬಯಲಲ್ಲೇ, ನ್ಯೂಟ್ರಲ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಇಂಜಿನ್ ಚಾಲೂ ಮಾಡಿದೆ. ಸೀಟ್ ಎತ್ತಿ, ಲೈಟ್ ಆರಿಸಿ, ಕೈ ಸ್ಪ್ರೇಯರ್‌ನಿಂದ ಬರೀ ನೀರನ್ನ ಮಂಜಿನ ಹಾಗೆ ಪ್ಲಗ್ ವೈರ್‌ಗಳ ಮೇಲೆ ಬಿಟ್ಟೆ. ತಮ್ಮ ಮೊಬೈಲ್‌ನಲ್ಲಿ ವಿಡಿಯೋ ಮಾಡ್ತಿದ್ದ. ಮಧ್ಯದ ಸಿಲಿಂಡರ್‌ನ ವೈರ್‌ನಿಂದ ಇಂಜಿನ್ ಲೋಹಕ್ಕೆ ನೀಲಿ ಕಿಡಿ ಚಟ್ ಚಟ್ ಅಂತ ಹಾರಿತು, ಇಂಜಿನ್ ನಡುಗಿತು. ಪ್ಲಗ್‌ಗೆ ಹೋಗಬೇಕಾದ ಕಿಡಿ ಹೊರಗಡೆಯೇ ಖರ್ಚಾಗ್ತಿತ್ತು.

ಇದನ್ನ ಮಾಡೋರು ಹುಷಾರು. ಆ ವೈರ್‌ನಲ್ಲಿ ಇರೋದು ಸಾವಿರಾರು ವೋಲ್ಟ್. ಇಂಜಿನ್ ಓಡುವಾಗ ಮುಟ್ಟಬೇಡಿ, ಹಳಬರು ಮಾಡ್ತಿದ್ದ ಹಾಗೆ ಒಂದೊಂದೇ ವೈರ್ ಕಿತ್ತು ನೋಡಬೇಡಿ. ಶಾಕ್ ಅಲ್ಲದೆ ಕಾಯಿಲ್ಲೂ ಹೋಗಬಹುದು. ಪೆಟ್ರೋಲ್ ವಾಸನೆ ಬರ್ತಿದ್ದರೆ ಈ ಪರೀಕ್ಷೆಯೇ ಬೇಡ. ಬೆಲ್ಟ್, ಫ್ಯಾನ್‌ನಿಂದ ಬಟ್ಟೆ ದೂರವಿರಲಿ.

ಮೆಕ್ಯಾನಿಕ್ ಅಣ್ಣ ಆ ವೈರ್‌ಗಳನ್ನ ಮೀಟರ್ ಇಟ್ಟು ನೋಡಿದ್ದರು, ಮೂರೂ ಸರಿ ತೋರಿಸಿತ್ತು. ಅವರ ತಪ್ಪಲ್ಲ. ಮೀಟರ್ ನೋಡೋದು ಒಳಗಿನ ಎಳೆ ತುಂಡಾಗಿದೆಯಾ ಅಂತ. ನಮ್ಮದರಲ್ಲಿ ಎಳೆ ಸರಿ ಇತ್ತು, ಮೇಲಿನ ರಬ್ಬರ್ ಕೂದಲಿನಷ್ಟು ಬಿರುಕು ಬಿಟ್ಟಿತ್ತು. ಒಣಗಿದಾಗ ಅದು ತೊಂದರೆ ಕೊಡಲ್ಲ. ಒದ್ದೆಯಾದಾಗಲೂ ಸಮತಟ್ಟಿನಲ್ಲಿ ನಿಧಾನ ಹೋದರೆ ಗೊತ್ತಾಗಲ್ಲ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗಿನ ಒತ್ತಡ ಏರುತ್ತೆ, ಪ್ಲಗ್ ಗ್ಯಾಪ್ ದಾಟೋಕೆ ಹೆಚ್ಚು ವೋಲ್ಟ್ ಬೇಕಾಗುತ್ತೆ, ಆಗ ಕಿಡಿ ಬಿರುಕಿನ ಸುಲಭ ದಾರಿ ಹಿಡಿಯುತ್ತೆ. ಏರಿನಲ್ಲೇ ಜಗ್ಗುತ್ತಿದ್ದದ್ದು ಅದಕ್ಕೇ.

ಅನುಮಾನ ಒಂದು ಪ್ಲಗ್ ಮೇಲಿದ್ದರೆ ಹೊಸದು ಕೊಳ್ಳೋ ಮೊದಲು, ತಣ್ಣಗಾದ ಇಂಜಿನ್‌ನಲ್ಲಿ ಅದನ್ನ ಪಕ್ಕದ ಸಿಲಿಂಡರ್‌ಗೆ ಹಾಕಿ ಓಡಿಸಿ. ಮಿಸ್ಸಿಂಗ್ ಪ್ಲಗ್ ಜೊತೆಗೇ ಹೋದರೆ ಪ್ಲಗ್ ತಪ್ಪು, ಅಲ್ಲೇ ಉಳಿದರೆ ಬೇರೆ ಏನೋ. ಪ್ಲಗ್ ತುದಿ ತಿಳಿ ಕಂದು ಇದ್ದರೆ ಒಳ್ಳೇದು, ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚಾಗ್ತಿದೆ ಅಥವಾ ಉರೀತಿಲ್ಲ, ಎಣ್ಣೆ ಹತ್ತಿದ್ದರೆ ಆಯಿಲ್ ಏರ್ತಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯ್ತು ಅಂತ ತಿಳಿಯಲ್ಲ.

ನಿಮ್ಮದು 2013ರ ನಂತರದ ಬಿಎಸ್ 4 ಕಾರಾದರೆ ಕೆಲಸ ಸುಲಭ. ಬ್ಲೂಟೂತ್ ಒಬಿಡಿ ಅಡಾಪ್ಟರ್ ಚುಚ್ಚಿ ಮೊಬೈಲ್ ಆ್ಯಪ್‌ನಲ್ಲಿ ಕೋಡ್ ಓದಬಹುದು. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್ಸಿಂಗ್, ಪಿ0302 ಎರಡನೇದು, ಪಿ0300 ಅಂದರೆ ಯಾವುದು ಅಂತ ಸ್ಥಿರವಾಗಿ ಸಿಕ್ಕಿಲ್ಲ. ಕೋಡ್ ಸಿಲಿಂಡರ್ ತೋರಿಸುತ್ತೆ, ಯಾವ ಪಾರ್ಟ್ ಹೋಗಿದೆ ಅಂತ ಹೇಳಲ್ಲ. ಇಂಜಿನ್ ಲೈಟ್ ಮಿನುಗ್ತಾ ಇದ್ದರೆ ಹಾಗೇ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದನ್ನೇ ಸುಟ್ಟು ಹಾಕುತ್ತೆ, ಅದು ವೈರ್‌ಗಿಂತ ಎಷ್ಟೋ ಪಟ್ಟು ದುಬಾರಿ.

ನಾನು ಮೂರೂ ಪ್ಲಗ್ ವೈರ್ ಸೆಟ್ ಬದಲಿಸಿದೆ, ಒಂದು ಬಿರಿದಿದ್ದರೆ ಅದೇ ವಯಸ್ಸಿನ ಉಳಿದೆರಡೂ ದೂರವಿರಲ್ಲ. ಕಾಯಿಲ್ ಹಳೇದೇ ಇದೆ. ಒದ್ದೆ ಕ್ರೇಟ್ ಈಗ ಹಿಂದೆ, ಕೆಳಗೆ ನರ್ಸರಿಯ ಅಗಲ ಟ್ರೇ. ಪಕ್ಕದ ಸೀಟ್ ಖಾಲಿ ಆಗಿದ್ದರಿಂದ ಶನಿವಾರ ಅಪ್ಪನೂ ಬರ್ತಾರೆ, ರೇಟ್ ಮಾತಾಡೋದು ಅವರೇ.