ಅಂಗವಿಕಲರ ಮಾಸಾಶನ: ಅರ್ಜಿ ಎಲ್ಲಿ ನಿಲ್ಲುತ್ತದೆ, ಏನು ಕೇಳಬೇಕು

ಮಗುವಿನ ಮಾಸಾಶನಕ್ಕೆ ಅರ್ಜಿ ಹಿಡಿದು ಹೋದ ತಾಯಂದಿರಿಗೆ ಕಚೇರಿಯ ಕಿಟಕಿಯಲ್ಲಿ ಎಷ್ಟೋ ಸಲ ಸಿಗುವುದು ‘ಇದು ಆಗಲ್ಲಮ್ಮ’ ಎಂಬ ಬಾಯಿಮಾತು ಮಾತ್ರ. ಬಾಯಿಮಾತಿನ ಮೇಲೆ ಮೇಲ್ಮನವಿ ಹಾಕಲು ಬರುವುದಿಲ್ಲ. ಆದ್ದರಿಂದ ಇಂಥ ಕುಟುಂಬದ ಜೊತೆ ಹೋಗುವವರು ಮೊದಲು ಕಲಿಯಬೇಕಾದದ್ದು ಒಂದೇ ವಾಕ್ಯ: ‘ಯಾಕೆ ಆಗಲ್ಲ ಅಂತ ಹಿಂಬರಹ ಕೊಡಿ ಸರ್.’

ಎಲ್ಲದಕ್ಕೂ ಬುನಾದಿ ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳು. ಆಟಿಸಂ, ಥಲಸ್ಸೇಮಿಯಾ, ಪಾರ್ಕಿನ್ಸನ್ಸ್ ಇರುವವರಿಗೂ ಈಗ ಪ್ರಮಾಣಪತ್ರ ಸಿಗುತ್ತದೆಂಬುದು ಹಳ್ಳಿಗಳಲ್ಲಿ ಇನ್ನೂ ಅನೇಕರಿಗೆ ಗೊತ್ತಿಲ್ಲ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯಲ್ಲಿ ತಜ್ಞರ ಮುಂದೆ ತಪಾಸಣೆಗೆ ಹೋಗಬೇಕು. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿ ತುಂಬಲು ಅವರನ್ನೇ ಹಿಡಿಯಿರಿ, ದಲ್ಲಾಳಿಗೆ ದುಡ್ಡು ಕೊಡಬೇಡಿ.

ಕಾರ್ಡ್ ಕೈಗೆ ಬಂದ ಕೂಡಲೇ ಎರಡು ವಿಷಯ ನೋಡಿ. ಒಂದು, ಶೇಕಡಾವಾರು. ಕನಿಷ್ಠ 40 ಇಲ್ಲದಿದ್ದರೆ ಮಾಸಾಶನ ಇಲ್ಲ; 75 ದಾಟಿದರೆ ಮೊತ್ತ ಹೆಚ್ಚು. ಮಗುವಿನ ಸ್ಥಿತಿಗೂ ನಮೂದಾದ ಅಂಕಿಗೂ ತಾಳೆಯಾಗದಿದ್ದರೆ ಕಾಯ್ದೆಯ 59ನೇ ಸೆಕ್ಷನ್ ಮೇಲ್ಮನವಿಗೆ ಅವಕಾಶ ಕೊಟ್ಟಿದೆ. ಇನ್ನೊಂದು, ಅವಧಿ. ಮಕ್ಕಳಿಗೆ ಎಷ್ಟೋ ಸಲ ತಾತ್ಕಾಲಿಕ ಪ್ರಮಾಣಪತ್ರವನ್ನೇ ಕೊಡುತ್ತಾರೆ. ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಹಾಕದಿದ್ದರೆ ಬರುತ್ತಿದ್ದ ಹಣವೂ ನಿಲ್ಲಬಹುದು.

ಮಾಸಾಶನದ ಅರ್ಜಿ ನಾಡಕಚೇರಿಗೆ. ಅಲ್ಲಿಂದ ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರ ವರದಿಯಾಗಿ ಮಂಜೂರಾತಿಗೆ ಹೋಗುತ್ತದೆ. ಕೊಟ್ಟ ತಕ್ಷಣ, ನಿಗದಿತ ದಿನದೊಳಗೆ ಸೇವೆ ಖಾತರಿಪಡಿಸುವ ‘ಸಕಾಲ’ ವ್ಯವಸ್ಥೆಯ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಪಡೆಯಿರಿ. ಅದಿಲ್ಲದೆ ಕಿಟಕಿ ಬಿಟ್ಟು ಬರಬೇಡಿ. ನಿಗದಿತ ದಿನದೊಳಗೆ ಕೆಲಸ ಆಗದಿದ್ದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ ₹20ರಂತೆ ₹500ರವರೆಗೆ ಪರಿಹಾರವನ್ನೂ ಕೇಳಬಹುದು. ಪರಿಹಾರ ಚಿಕ್ಕದು, ಆದರೆ ಮೇಲ್ಮನವಿ ಬಿದ್ದ ಕಡತವನ್ನು ಮೂಲೆಯಲ್ಲಿಟ್ಟು ಮರೆಯುವುದು ಕಷ್ಟ.

ಅರ್ಜಿ ನಿಲ್ಲುವ ಮುಖ್ಯ ಜಾಗ ಆದಾಯ ಪ್ರಮಾಣಪತ್ರ. ಮಿತಿ ವರ್ಷಕ್ಕೆ ₹32,000, ಅಂದರೆ ತಿಂಗಳಿಗೆ ₹2,700 ಕೂಡ ಅಲ್ಲ. ಗಂಡ–ಹೆಂಡತಿ ಇಬ್ಬರೂ ಕೂಲಿಗೆ ಹೋದರೆ ಕಾಗದದ ಮೇಲೆ ಈ ಗೆರೆ ಸುಲಭವಾಗಿ ದಾಟುತ್ತದೆ. ಆದರೆ ಹಾಸಿಗೆ ಬಿಟ್ಟೇಳದ ಮಗು ಮನೆಯಲ್ಲಿದ್ದರೆ ಇಬ್ಬರೂ ಕೂಲಿಗೆ ಹೋಗಲಾಗುವುದಿಲ್ಲ. ಡೈಪರ್, ಫಿಟ್ಸ್ ಮಾತ್ರೆ, ಆಸ್ಪತ್ರೆಗೆ ಆಟೊ ಎಂದು ಖರ್ಚು ಮಾತ್ರ ಏರುತ್ತಲೇ ಇರುತ್ತದೆ. ಪರಿಶೀಲನೆಗೆ ಬಂದವರು ಕೇಳದಿದ್ದರೂ ಇದನ್ನು ಬಾಯಿಬಿಟ್ಟು ಹೇಳಿ, ಬರೆದೂ ಕೊಡಿ.

ಮಂಜೂರಾದ ಮೇಲೂ ಹಣ ಕಾಣದ ಮನೆಗಳಿವೆ. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಹೋಗುವುದು ಕೊನೆಯದಾಗಿ ಜೋಡಣೆಯಾದ ಖಾತೆಗೆ. ಎಂದೋ ತೆರೆದು ಮರೆತ ಇನ್ನೊಂದು ಬ್ಯಾಂಕಿನ ಪುಸ್ತಕದಲ್ಲಿ ತಿಂಗಳುಗಟ್ಟಲೆ ಜಮೆ ಆಗುತ್ತಿರಬಹುದು, ಅದನ್ನೂ ಎಂಟ್ರಿ ಮಾಡಿಸಿ. ಆಧಾರ್ ಮಾಡಿಸುವುದೇ ಕೆಲವರಿಗೆ ಹಿಂಸೆ. ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿಯ ಬಿಗಿದ ಮುಷ್ಟಿಯಿಂದ ಆಪರೇಟರ್ ಒಂದೊಂದೇ ಬೆರಳು ಬಿಡಿಸುತ್ತಾನೆ. ಯಂತ್ರ ಹೆಬ್ಬೆಟ್ಟು ಒಪ್ಪುವುದಿಲ್ಲ. ‘ನೋವಾಗತ್ತೆ ಸರ್, ಬಿಡಿ’ ಎಂದು ತಾಯಿ ಅಂಗಲಾಚುತ್ತಾಳೆ. ಬೆರಳಚ್ಚು, ಕಣ್ಣಿನ ಗುರುತು ಕೊಡಲಾಗದವರನ್ನು ವಿನಾಯಿತಿ ಮೇಲೆ ನೋಂದಾಯಿಸಲು ನಿಯಮದಲ್ಲೇ ಅವಕಾಶವಿದೆ. ಅದನ್ನು ಆಗ್ರಹಿಸಿ.

ಇನ್ನು ಮೊತ್ತದ ಮಾತು. 2021ರ ಪರಿಷ್ಕರಣೆಯಲ್ಲಿ ರಾಜ್ಯ ಸರ್ಕಾರ ಶೇ 40ರಿಂದ 75ರವರೆಗಿನ ವೈಕಲ್ಯಕ್ಕೆ ₹600 ಇದ್ದದ್ದನ್ನು ₹800 ಮಾಡಿತು. ವಿಧವಾ ವೇತನವೂ ಆಗ ₹800 ಆಯಿತು, ಹಿರಿಯ ನಾಗರಿಕರ ಸಂಧ್ಯಾ ಸುರಕ್ಷಾ ₹1,200. ಶೇ 80ರ ಮೇಲಿನವರಿಗೆ ಕೇಂದ್ರದ ಪಾಲು 2012ರಿಂದ ₹300ರಲ್ಲೇ ನಿಂತಿದೆ. ಆದರೆ 2016ರ ಕಾಯ್ದೆಯ 24ನೇ ಸೆಕ್ಷನ್ ಏನನ್ನುತ್ತದೆ? ಇತರರಿಗಿರುವ ಅಂಥದ್ದೇ ಯೋಜನೆಗಿಂತ ಅಂಗವಿಕಲರಿಗೆ ಕೊಡುವ ನೆರವು ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು. ವಿಧವಾ ವೇತನದ ಲೆಕ್ಕ ಹಿಡಿದರೂ ಅದು ₹1,000 ಆಗಬೇಕು, ಸಂಧ್ಯಾ ಸುರಕ್ಷಾದ ಲೆಕ್ಕ ಹಿಡಿದರೆ ₹1,500. ಹೆಚ್ಚಿನ ಆರೈಕೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನೂ ಇದೇ ಸೆಕ್ಷನ್ ಹೆಸರಿಸುತ್ತದೆ.

ಶಾಸಕರಿಗೆ ಮನವಿ ಬರೆಯುವಾಗ ‘ದಯವಿಟ್ಟು ಸಹಾಯ ಮಾಡಿ’ ಎಂದಷ್ಟೇ ಬರೆದರೆ ಸಾಲದು. ಸೆಕ್ಷನ್, ಇಂದಿನ ಮೊತ್ತ, ಇರಬೇಕಾದ ಮೊತ್ತ, ನಿಮ್ಮ ಪಂಚಾಯಿತಿಯಲ್ಲಿ ಬಾಕಿಯಿರುವ ಅರ್ಜಿಗಳ ಜಿಎಸ್‌ಸಿ ಸಂಖ್ಯೆ, ಇವಿಷ್ಟೂ ಇರಲಿ. ಒಂದು ಪ್ರತಿ ರಾಜ್ಯ ಅಂಗವಿಕಲರ ಆಯುಕ್ತರಿಗೆ ಹೋಗಲಿ. ದೂರು ವಿಚಾರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರಗಳಿವೆ. ಇನ್ನೊಂದು ಪ್ರತಿಗೆ ಕಚೇರಿಯ ಸೀಲು ಹಾಕಿಸಿ ಕುಟುಂಬದ ಕೈಗೇ ಕೊಡಿ.